ಗೆರೆಯ ಆಚೆ ನಿಂತ ಕೋಟು

ಹೆಂಡತಿ ತನ್ನ ಟೈಲರ್ ಅಂಗಡಿಯ ಬಟ್ಟೆಬೊಂಬೆಗೆ ಗಂಡನ ಕೋಟು ತೊಡಿಸಿ, ಒಂದೊಂದೇ ಗುಂಡಿ ಹಾಕಿ, ಕಾಲರ್ ಸರಿಮಾಡಿ, ಹಿಂದೆ ಸರಿದು ನೋಡಿದಳು. ಮದುವೆಯ ದಿನ ಗಂಡನನ್ನೂ ಅವಳು ಇಷ್ಟು ಹೊತ್ತು ನೋಡಿರಲಿಲ್ಲ.

"ನನ್ ಕೋಟೇ ಬೇಕಿತ್ತೇನೆ?" ಎಂದ ಗಂಡ. ಅವನಿಗಿದ್ದ ಒಳ್ಳೆಯ ಕೋಟು ಅದೊಂದೇ.

"ಕಾರು ನಿಲ್ಲುತ್ತೆ ಅಂತೀರಲ್ಲ. ನಿಂತ್ರೆ ಕೋಟಿಗೇನು ಬರುತ್ತೆ ರೋಗ?"

ಮನೆಯ ಹಿಂದೆ ಮುಚ್ಚಿದ ಗೋದಾಮೊಂದಿತ್ತು. ಅದರ ಸಿಮೆಂಟಿನ ಅಂಗಳದಲ್ಲಿ ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆಯಿಂದ ಅಡ್ಡಗೆರೆ ಎಳೆದಿದ್ದಳು. ಗೆರೆಯಿಂದ ಒಂದು ಹೆಜ್ಜೆ ಆಚೆ ಬೊಂಬೆ. ಒಪ್ಪಂದ ಸರಳ. ಕಾರು ಗೆರೆಯ ಈಚೆ ನಿಂತರೆ ಮನೆಯಲ್ಲೇ ಉಳಿಯುತ್ತದೆ, ಅವಳೂ ಅದರಲ್ಲಿ ಕೂರುತ್ತಾಳೆ. ದಾಟಿದರೆ, ಮಧ್ಯಾಹ್ನ ಬರುವ ಹಲ್ಲಿನ ಡಾಕ್ಟರು ಅದನ್ನು ಕೊಂಡುಹೋಗುತ್ತಾರೆ.

ಗಂಡ ಗಡಿಯಾರ ರಿಪೇರಿಯವನು. ಜೀವನವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಯಂಥ ಚಕ್ರಗಳನ್ನು ನೋಡಿ ನೋಡಿ ಸಾಕಾಗಿ, ಐವತ್ತು ದಾಟಿದ ಮೇಲೆ ಸ್ವಲ್ಪ ದೊಡ್ಡ ಚಕ್ರಗಳು ಬೇಕೆನ್ನಿಸಿ, ಹಳೆಯದೊಂದು ಕೆಂಪು ಸ್ಪೋರ್ಟ್ಸ್ ಕಾರು ತಂದಿದ್ದ. ಎರಡೇ ಸೀಟು. ಓಡುವುದರಲ್ಲಿ ಕುದುರೆ, ನಿಲ್ಲುವುದರಲ್ಲಿ ಕೋಣ. ಹೆಂಡತಿ ಅದನ್ನು "ನನ್ ಸವತಿ" ಎನ್ನುತ್ತಿದ್ದಳು. ಆದರೂ ಮೊದಮೊದಲು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಅದರಲ್ಲಿ ಸಂತೋಷವಾಗಿಯೇ ಕೂರುತ್ತಿದ್ದಳು.

ಪೋಸ್ಟ್ ಆಫೀಸಿನ ಇಳಿಜಾರಿನಲ್ಲಿ ಆ ಸಂತೋಷ ಮುಗಿಯಿತು. ಕೆಳಗೆ ಕೆಂಪು ದೀಪ ಬಿದ್ದಿತ್ತು. ಗಂಡ ಬ್ರೇಕ್ ತುಳಿದ. ಪೆಡಲು ದಿಂಬಿನ ಹಾಗೆ ಮೆತ್ತಗೆ ಕೆಳಗಿಳಿಯಿತು. ಕಾರು ಆ ವಿಷಯವನ್ನು ಸ್ವಲ್ಪ ಯೋಚಿಸಿ, ಬೇಡವೆಂದು ತೀರ್ಮಾನಿಸಿ, ಹಾಲಿನ ವ್ಯಾನಿಗೂ ಬಸ್ಸಿಗೂ ನಡುವೆ ದಾಟಿಕೊಂಡು ಹೋಗಿ, ಆಚೆಯ ಏರಿನಲ್ಲಿ ದಮ್ಮು ಕಟ್ಟಿ ನಿಧಾನವಾಯಿತು. ಪೂರ್ತಿ ನಿಲ್ಲುವ ಮೊದಲೇ ಹೆಂಡತಿ ಬಾಗಿಲು ತೆಗೆದು, ತರಕಾರಿ ಚೀಲದ ಸಮೇತ ಇಳಿದು, ತಿರುಗಿಯೂ ನೋಡದೆ ನಡೆದಳು. ಕಾರಿಗಿಂತ ಮೊದಲು ಅವಳೇ ಮನೆ ಸೇರಿದಳೆಂದು ಬೀದಿಯವರು ಹೇಳುತ್ತಾರೆ. ಬೀದಿಯವರ ಮಾತನ್ನು ಪೂರ್ತಿ ನಂಬಬಾರದು. ಆದರೆ ಗಂಡ ಬಂದಾಗ ಅವಳು ಬೀನ್ಸ್ ಹೆಚ್ಚಿ ಮುಗಿಸಿದ್ದಳು ಎಂಬುದು ನಿಜ.

ಅಂದಿನಿಂದ ಪಕ್ಕದ ಸೀಟಿನಲ್ಲಿ ಅವನ ಊಟದ ಡಬ್ಬಿ ಕೂರುತ್ತಿತ್ತು.

ಹೆಂಡತಿಯ ತಮ್ಮ ಮೆಕ್ಯಾನಿಕ್. ಕೆಲಸದಲ್ಲಿ ಕೈ ಚೊಕ್ಕ, ಬಾಯಲ್ಲಿ ಮಾತ್ರ ಸದಾ "ನಾಳೆ". ಗಂಡ ಅವನ ಹತ್ತಿರ ಒಂದು ಚಿತ್ರ ಹಿಡಿದುಕೊಂಡು ಹೋಗಿದ್ದ. ರೇಸಿನ ಕಾರಿನ ಬ್ರೇಕು. ತಟ್ಟೆಯಷ್ಟು ಅಗಲದ ಡಿಸ್ಕು, ಮೈತುಂಬ ತೂತು.

"ಬಾವ, ಇದನ್ನ ಹಾಕ್ಬಹುದು. ಆದ್ರೆ ಚಕ್ರಾನ ಡಿಕ್ಕಿಯಲ್ಲಿಟ್ಕೊಂಡು ಓಡಿಸ್ಬೇಕು. ನಿಮ್ಮ ಚಕ್ರದೊಳಗೆ ಇದು ಹಿಡಿಯಲ್ಲ."

"ಹಾಗಾದ್ರೆ ದೊಡ್ಡ ಚಕ್ರ?"

"ಆಮೇಲೆ ದೊಡ್ಡ ಕಾರು, ದೊಡ್ಡ ಮನೆ, ದೊಡ್ಡ ಬಾವ. ಸುಮ್ನಿರಿ. ಇಲ್ಲಿ ಬನ್ನಿ, ಈ ಪೈಪ್ ಮುಟ್ಟಿ." ಅವನು ಪೆಡಲು ತುಳಿದ. ಗಂಡನ ಬೆರಳುಗಳ ನಡುವೆ ರಬ್ಬರ್ ಪೈಪು ಬಸುರಿಯ ಹಾಗೆ ಉಬ್ಬಿತು. "ನೀವು ತುಳಿದ ಶಕ್ತಿಯೆಲ್ಲ ಇದರ ಹೊಟ್ಟೆಗೇ ಹೋಗ್ತಿದೆ. ಬ್ರೇಕ್ ಆಯಿಲ್ ನೀರು ಕುಡಿದು ಕೂತಿದೆ. ಡಿಸ್ಕನ್ನ ಹಿಡಿಯೋ ಪ್ಯಾಡು ಗಾಜಿನಂಗೆ ನುಣ್ಣಗಾಗಿದೆ. ಟಯರ್ ಅಂತೂ ನಮ್ಮಜ್ಜಿ ಹಿಮ್ಮಡಿ. ಬ್ರೇಕು ನಿಲ್ಸೋದು ಚಕ್ರಾನ ಬಾವ. ಕಾರನ್ನ ನಿಲ್ಸೋದು ಟಯರು."

ಗಂಡನಿಗೆ ಸ್ವಲ್ಪ ನಿರಾಸೆಯಾಯಿತು. ತೂತಿನ ಡಿಸ್ಕು ನೋಡಲು ಚೆನ್ನಾಗಿತ್ತು. ಆದರೂ ಒಪ್ಪಿದ. ತಮ್ಮ ಉಬ್ಬದ ಪೈಪು ಹಾಕಿ, ಹೊಸ ಆಯಿಲ್ ತುಂಬಿ, ಪೈಪಿನೊಳಗಿನ ಗಾಳಿ ತೆಗೆದು, ಒಳ್ಳೆಯ ಪ್ಯಾಡು, ಒಳ್ಳೆಯ ಟಯರು ಕೂರಿಸಿದ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲೆಂದು ಖಾಲಿ ರಸ್ತೆಯಲ್ಲಿ ವೇಗ ಹೆಚ್ಚಿಸುವುದು, ಪೂರ್ತಿ ನಿಲ್ಲಿಸದೆ ಇಳಿಸುವುದು, ಮತ್ತೆ ಹೆಚ್ಚಿಸುವುದು ಮಾಡಿದ. ನೋಡಿದವರು, ಪಾಪ, ಈ ಹುಡುಗ ಮನೆಯಲ್ಲಿ ಏನೋ ಮರೆತು ಬಂದಿದ್ದಾನೆ, ಏನೆಂದು ನೆನಪಾಗುತ್ತಿಲ್ಲ ಎಂದುಕೊಂಡರು.

ಕಾರು ನಿಲ್ಲತೊಡಗಿತು. ಹೇಳಿದ ಜಾಗದಲ್ಲಿ, ಹೇಳಿದ ಹಾಗೆ. ಆದರೆ ನಿಲ್ಲುವಾಗಲೆಲ್ಲ ಕೀಚ್ ಎಂದು ಕಿರುಚುತ್ತಿತ್ತು. ಬೀದಿನಾಯಿಗಳು ಉತ್ತರ ಕೊಡುತ್ತಿದ್ದವು.

"ಕೂಗ್ಲಿ ಬಿಡಿ ಬಾವ, ಅದಕ್ಕೊಂದು ಉಪಾಯ ಇದೆ. ನಾಳೆ ನೋಡೋಣ."

ಗಂಡನಿಗೆ ನಾಳೆಯವರೆಗೆ ತಡೆಯಲಾಗಲಿಲ್ಲ. ಸದ್ದು ಎಲ್ಲಿಂದ ಬರುತ್ತದೆ? ಅವನು ಚಕ್ರದ ಪಕ್ಕ ಮಂಡಿಯೂರಿ, ಕಿವಿಯಿಟ್ಟು, ಭೂತಗನ್ನಡಿ ಸಿಕ್ಕಿಸಿಕೊಂಡು ಇಣುಕಿದ. ಹೆಂಡತಿ ಅಡುಗೆಮನೆಯ ಕಿಟಕಿಯಿಂದ ನೋಡಿ, "ಸವತಿಗೆ ಹುಷಾರಿಲ್ವಾ?" ಎಂದು ಕೇಳಿ ಕಿಟಕಿ ಹಾಕಿಕೊಂಡಿದ್ದಳು.

ಪರೀಕ್ಷೆಯ ದಿನ ಕಾರನ್ನು ಅಂಗಳಕ್ಕೆ ತಳ್ಳಿಕೊಂಡೇ ತಂದರು. ರಸ್ತೆಯಲ್ಲಿ ಓಡಿಸಿ ನೋಡಿದ್ದರೂ, ಬೊಂಬೆಯ ಮುಂದೆ ಮೊದಲ ಸುತ್ತನ್ನು ನಡಿಗೆಯ ವೇಗದಲ್ಲಿ, ಕೈಬ್ರೇಕಿನ ಮೇಲೆ ಕೈಯಿಟ್ಟುಕೊಂಡೇ ನೋಡಬೇಕೆಂಬುದು ತಮ್ಮನ ಕಟ್ಟಳೆ. ಅವನು ಚಕ್ರ ತಿರುಗಿಸಿ, ಬಾವನಿಂದ ಪೆಡಲು ತುಳಿಸಿ, ಕಿವಿಗೊಟ್ಟ.

"ನಿನ್ನೆ ಕೂಗ್ತಿತ್ತಲ್ಲ ಬಾವ?"

"ಸರಿಹೋಯ್ತು."

"ತಾನಾಗೇ?"

"ಕೆಲವೊಂದು ತಾನಾಗೇ ಸರಿಹೋಗುತ್ತೆ ಕಣಯ್ಯ" ಎಂದು ಗಂಡ ಗೋದಾಮಿನ ಬೀಗ ನೋಡತೊಡಗಿದ.

ಕಾರು ಹೊರಟಿತು. ಗೆರೆ ಹತ್ತಿರವಾದಂತೆ ಗಂಡ ಬ್ರೇಕ್ ತುಳಿದ. ಸದ್ದಿಲ್ಲ. ಬೆಣ್ಣೆಯಂಥ ಮೌನ. ಅವನ ಮುಖದಲ್ಲಿ ಹೆಮ್ಮೆ ಮೂಡಿತು. ಮೌನದೊಂದಿಗೆ ಕಾರೂ ಮುಂದುವರಿಯುತ್ತಿರುವುದು ಗೊತ್ತಾದಾಗ ಹೆಮ್ಮೆ ಇಳಿಯಲು ಸ್ವಲ್ಪ ತಡವಾಯಿತು. ಕೈಬ್ರೇಕ್ ಎಳೆದ. ಹಿಂದಿನ ಚಕ್ರಗಳು ಹಿಡಿದವು. ಅಷ್ಟರಲ್ಲಿ ಮೂತಿ ಗೆರೆ ದಾಟಿ, ಬೊಂಬೆಯ ಸೊಂಟಕ್ಕೆ ಮೆಲ್ಲನೆ ತಾಗಿ ನಿಂತಿತು. ಬೊಂಬೆ ಬಾನೆಟ್ಟಿನ ಮೇಲೆ ಬೋರಲಾಯಿತು. ಕೋಟಿನ ಖಾಲಿ ತೋಳುಗಳು ಎರಡೂ ಕಡೆ ಚಾಚಿಕೊಂಡು ಕಾರನ್ನು ಅಪ್ಪಿಕೊಂಡವು.

"ದಾಟ್ತು" ಎಂದಳು ಹೆಂಡತಿ. ಗೆದ್ದವರ ದನಿಯಲ್ಲಿ ಹೇಳಬೇಕೆಂದಿದ್ದಳು. ಯಾಕೋ ಆ ದನಿ ಬರಲಿಲ್ಲ.

ತಮ್ಮ ತಲೆ ಕೆರೆದುಕೊಂಡ. ಪೆಡಲು ತುಳಿದು ನೋಡಿದ, ಕಲ್ಲಿನಂತೆ ಗಟ್ಟಿ. ಪೈಪು ನೋಡಿದ, ಆಯಿಲ್ ನೋಡಿದ. "ನನ್ ಕೈಯಲ್ಲೇ ಏನೋ ತಪ್ಪಾಗಿದೆ ಅಕ್ಕ. ಪ್ಯಾಡು ಕೊಟ್ಟೋನು ಮೋಸ ಮಾಡಿದ್ನೋ ಏನೋ. ನನ್ನನ್ನ ನಂಬಿ ನೀವು ಆ ಇಳಿಜಾರಿಗೆ ಹೋಗಿದ್ರೆ..."

ಹೆಂಡತಿ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತಳು. ಅವಳಿಗೂ ಈಗ ಕುತೂಹಲ. ಚಕ್ರದ ಸಂದಿನಲ್ಲಿ ಬೆರಳು ತೂರಿಸಿ ಡಿಸ್ಕನ್ನು ಸವರಿದಳು. ಬೆರಳನ್ನು ಮೂಸಿದಳು. ಇನ್ನೊಮ್ಮೆ ಮೂಸಿದಳು. ಈ ವಾಸನೆಯ ಅಂಗಿಗಳನ್ನು ಅವಳು ಮದುವೆಯಾದಾಗಿನಿಂದ ಒಗೆಯುತ್ತಿದ್ದಳು.

ಅವಳು ಗಂಡನನ್ನು ನೋಡಿದಳು. ತಮ್ಮ ಇನ್ನೂ ತನ್ನನ್ನೇ ಬೈದುಕೊಳ್ಳುತ್ತಿದ್ದ.

"ಒಂದೇ ಹನಿ" ಎಂದ ಗಂಡ.

"ಏನು?"

"ಕಿರುಚ್ತಿತ್ತಲ್ಲ. ಗಡಿಯಾರದ ಎಣ್ಣೆ. ಒಂದೇ ಹನಿ."

"ಸೀಸೆ ತೋರ್ಸಿ" ಎಂದಳು ಹೆಂಡತಿ.

ಗಂಡ ಜೇಬಿನಿಂದ ಸೀಸೆ ತೆಗೆದ. ಊರಿನ ಅರ್ಧ ಗಡಿಯಾರಗಳಿಗೆ ವರ್ಷವಿಡೀ ಬರುವ ಸೀಸೆ. ಒಳಗೆ ಬರೀ ಗಾಳಿಯಿತ್ತು.

"ದೊಡ್ಡ ಚಕ್ರ ಅಲ್ವಾ..." ಎಂದ.

ತಮ್ಮ ನೆಲದ ಮೇಲೇ ಕೂತುಬಿಟ್ಟ. "ಬಾವ! ಬ್ರೇಕಿಗೆ ಎಣ್ಣೆ?"

"ನೀನೂ ಹಾಕ್ದಲ್ಲಯ್ಯ, ಬ್ರೇಕ್ ಆಯಿಲ್ ಅಂತ!"

"ಅದು ಪೈಪಿನೊಳಗೆ! ಇದು ಉಜ್ಕೊಂಡು ನಿಲ್ಬೇಕಾದ ಜಾಗ! ನಿಮ್ಮ ಗಡಿಯಾರ ನಿಲ್ಲಬಾರ್ದು ಅಂತ ನೀವು ಎಣ್ಣೆ ಹಾಕ್ತೀರ. ಇದು ನಿಲ್ಬೇಕು ಬಾವ, ನಿಲ್ಬೇಕು!"

ಗಂಡ ಖಾಲಿ ಸೀಸೆಯ ಮುಚ್ಚಳವನ್ನು ಬಹಳ ಜಾಗ್ರತೆಯಿಂದ ಮುಚ್ಚಿದ.

ಮಧ್ಯಾಹ್ನ ಹಲ್ಲಿನ ಡಾಕ್ಟರು ಬಂದರು, ಜೊತೆಗೆ ಅವರ ಪುಟ್ಟ ಮಗಳು. ಮಗು ಬಂದ ಕೂಡಲೇ ಪಕ್ಕದ ಸೀಟಿಗೆ ಹತ್ತಿ ಕೂತಿತು. ಹೆಂಡತಿ ಅದನ್ನು ಎತ್ತಿ ಕೆಳಗಿಳಿಸಿದಳು.

"ಕೊಡಲ್ಲ ಡಾಕ್ಟ್ರೇ."

"ಯಾಕಮ್ಮ, ಬ್ರೇಕ್ ಸರಿ ಇಲ್ವಾ?"

"ಬ್ರೇಕ್ ಸರಿ ಇತ್ತು. ನಮ್ಮನೆಯವರು ಸರಿ ಇಲ್ಲ. ಅವರನ್ನ ರಿಪೇರಿ ಮಾಡಿದ್ಮೇಲೆ ಹೇಳ್ಕಳಿಸ್ತೀನಿ."

ಎಣ್ಣೆ ಕುಡಿದ ಪ್ಯಾಡುಗಳು ಮತ್ತೆ ಕೆಲಸಕ್ಕೆ ಬರುವುದಿಲ್ಲವೆಂದು ತಮ್ಮ ಅವನ್ನು ಕಸದ ಡಬ್ಬಿಗೆ ಹಾಕಿದ. ಡಿಸ್ಕುಗಳನ್ನು ಬ್ರೇಕ್ ಕ್ಲೀನರಿನಿಂದ ತೊಳೆದು ಒರೆಸಿ, ಹೊಸ ಪ್ಯಾಡು ತಂದ. ಈ ಸಲ "ನಾಳೆ" ಎನ್ನಲಿಲ್ಲ. ಕಿರುಚುವುದಕ್ಕೆ ಮದ್ದು ಪ್ಯಾಡಿನ ಬೆನ್ನಿಗೆ ಹಚ್ಚುವ ಗಟ್ಟಿ ಪೇಸ್ಟು. "ಬೆನ್ನಿಗೆ ಬಾವ, ಮುಖಕ್ಕಲ್ಲ" ಎಂದು ಅದನ್ನು ಬಾವನ ಕೈಗೇ ಕೊಟ್ಟ. ಗಂಡ ಭೂತಗನ್ನಡಿ ಹಾಕಿಕೊಂಡು, ಉಸಿರು ಬಿಗಿಹಿಡಿದು, ಎಷ್ಟು ಜಾಗ್ರತೆಯಾಗಿ ಹಚ್ಚಿದನೆಂದರೆ, ಕಾಯುತ್ತಿದ್ದ ತಮ್ಮ ಟಯರಿಗೆ ಒರಗಿ ಗೊರಕೆ ಹೊಡೆದ.

ಪ್ಯಾಡು ಹೊಂದಿಕೊಂಡ ಮೇಲೆ ಮತ್ತೆ ಗೆರೆ, ಮತ್ತೆ ಬೊಂಬೆ. ಕಾರು ಬಂತು. ಸಣ್ಣಗೆ ಕೀಚ್ ಎಂದಿತು. ಗೆರೆಯ ಈಚೆಯೇ ನಿಂತಿತು. ತಮ್ಮ ಇನ್ನಷ್ಟು ವೇಗದಲ್ಲಿ ತಾನೇ ಓಡಿಸಿ ತೋರಿಸಿದ. ಆಗಲೂ ಕೋಟು ಅಲುಗಲಿಲ್ಲ.

"ಇನ್ನೂ ಚೂರು ಕೂಗುತ್ತೆ" ಎಂದ ಗಂಡ, ಸಂಕೋಚದಿಂದ.

"ಕೂಗ್ಲಿ ಬಿಡಿ. ನಿಲ್ತು ಅಂತ ಗೊತ್ತಾಗುತ್ತೆ."

ಅವಳು ಬೊಂಬೆಯ ಕೋಟಿನ ಗುಂಡಿಗಳನ್ನು ಬಿಚ್ಚಿ, ಕೊಡವಿ, ಗಂಡನ ಕೈಗೆ ಕೊಟ್ಟಳು. ಡಬ್ಬಿಯನ್ನು ಹಿಂದಕ್ಕೆ ಸರಿಸಿ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಪಕ್ಕದ ಸೀಟಿನಲ್ಲಿ ಕೂತಳು.

"ಎಲ್ಲಿಗೆ?"

"ಪೋಸ್ಟ್ ಆಫೀಸ್ ಕಡೆಗೇ ಹೋಗಿ."

ಇಳಿಜಾರಿನ ತುದಿಯಲ್ಲಿ ದೀಪ ಹಸಿರಿತ್ತು; ಅರ್ಧ ಇಳಿಯುವಷ್ಟರಲ್ಲಿ ಕೆಂಪಾಯಿತು. ಗಂಡ ಪೆಡಲು ತುಳಿದ. ಪಕ್ಕದಲ್ಲಿ ಹೆಂಡತಿಯ ಬಲಗಾಲು, ಹೊಲಿಗೆಯಂತ್ರವನ್ನು ತುಳಿದು ಪಳಗಿದ ಕಾಲು, ಪೆಡಲೇ ಇಲ್ಲದ ನೆಲವನ್ನು ಒತ್ತಿ ಹಿಡಿಯಿತು. ಕೀಚ್. ಕಾರು ಬಿಳಿಪಟ್ಟೆಯ ಈಚೆ ನಿಂತಿತು. ಎದುರಿಗೆ ಒಂದು ಹಾಲಿನ ವ್ಯಾನು ಅಡ್ಡಹಾಯ್ದು ಹೋಯಿತು.

ದೀಪ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದರು. ಗಂಡ ಅವಳ ಕಾಲನ್ನೇ ನೋಡುತ್ತಿದ್ದ. ಅದು ಮೆಲ್ಲನೆ ನೆಲದಿಂದ ಮೇಲೆದ್ದ ಮೇಲೆ, ತಾನೂ ತನ್ನ ಕಾಲನ್ನು ತೆಗೆದ.