ಸೀಬೆ ಮರಕ್ಕೆ ಬೆನ್ನು ಹಾಕಿ

ನಮ್ಮ ಮಾವ ಹಕ್ಕಿ ನೋಡುವುದು ಹಕ್ಕಿಗೆ ಬೆನ್ನು ಹಾಕಿ ಕೂತು. ಹೀಗಂದರೆ ಯಾರಿಗಾದರೂ ನಗು ಬರುತ್ತದೆ. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನಗೂ ಬಂದಿತ್ತು, ಅಡುಗೆಮನೆಗೆ ಓಡಿ ಪಾತ್ರೆ ಸದ್ದು ಮಾಡಿಕೊಂಡು ನಕ್ಕಿದ್ದೆ.

ಜೀವಮಾನವೆಲ್ಲ ಬಸ್ಸು ಓಡಿಸಿ ಅವರ ಕುತ್ತಿಗೆ ಒನಕೆಯ ಹಾಗೆ ಬಿಗಿದುಹೋಗಿದೆ. ಮೇಲೆತ್ತಿದರೆ ನೋವು, ಹೊರಳಿಸಿದರೆ ಇನ್ನೂ ನೋವು. ಡಾಕ್ಟರು ಕುತ್ತಿಗೆಗೆ ಸುತ್ತಿಕೊಳ್ಳುವ ದಪ್ಪ ಸ್ಪಂಜಿನ ಪಟ್ಟಿಯೊಂದನ್ನು ಕೊಟ್ಟರು. ಮಾವ ಅದನ್ನು ಒಂದು ಸಲ ಹಾಕಿಕೊಂಡು, ಕನ್ನಡಿ ನೋಡಿಕೊಂಡು, "ಹೂಜಿಗೆ ಮೀಸೆ ಬರೆದ ಹಾಗಿದೆ" ಅಂತ ಬಿಚ್ಚಿ ಹಿತ್ತಿಲ ಬಾಗಿಲ ಮೊಳೆಗೆ ನೇತುಹಾಕಿದವರು ಮತ್ತೆ ಮುಟ್ಟಲಿಲ್ಲ.

ಕನ್ನಡಿ ಅಂದೆನಲ್ಲ, ಅದು ಬಸ್ಸಿನದೇ. ಅವರು ಕೊನೆಗೆ ಓಡಿಸಿದ ಗಾಡಿ ಗುಜರಿಗೆ ಹೋಗುವಾಗ, ಡ್ರೈವರ್ ತಲೆಯ ಮೇಲಿರುತ್ತದಲ್ಲ, ಹಿಂದೆ ಕೂತವರೆಲ್ಲ ಕಾಣುವ ಉದ್ದನೆಯ ಕನ್ನಡಿ, ಅದನ್ನು ಕೇಳಿ ತಂದಿದ್ದರು. ಹಿತ್ತಿಲ ಜಗುಲಿಯ ಗೋಡೆಗೆ ಅದನ್ನು ತಗುಲಿಸಿ, ಅದರ ಎದುರಿಗೆ ಕುರ್ಚಿ ಹಾಕಿ ಕೂತರೆ ಮುಗಿಯಿತು. ಬೆನ್ನ ಹಿಂದಿನ ಹಿತ್ತಿಲು ಪೂರ್ತಿ ಕಣ್ಣ ಮುಂದೆ. ಕುತ್ತಿಗೆಗೆ ಕೆಲಸವೇ ಇಲ್ಲ.

"ಎದುರಿಗೆ ನಿಂತು ನೋಡಿದ್ರೆ ಮನುಷ್ಯರೂ ನೆಟ್ಟಗಾಗ್ತಾರೆ, ಹಕ್ಕಿಗಳೂ ನೆಟ್ಟಗಾಗ್ತವೆ. ಕನ್ನಡೀಲಿ ನೋಡು, ನಿಜ ಬಣ್ಣ ಗೊತ್ತಾಗುತ್ತೆ" ಅನ್ನುವುದು ಅವರ ಮಾತು.

"ನಲವತ್ತು ವರ್ಷದಿಂದ ನಿಮ್ಮನ್ನ ನಾನು ಕನ್ನಡಿ ಇಲ್ದೇನೇ ನೋಡಿದೀನಿ, ಬಣ್ಣ ಗೊತ್ತಾಗಿದೆ" ಅಂತ ಒಳಗಿನಿಂದ ಅತ್ತೆ.

ಅತ್ತೆ ಹೊಲಿಗೆಯವರು. ಹಿತ್ತಿಲ ಕಡೆಯ ಕೋಣೆಯ ಕಿಟಕಿಗೆ ಮಿಷನ್ನು ಒತ್ತಿಸಿಕೊಂಡು ಕೂರುತ್ತಾರೆ. ಪಕ್ಕದಲ್ಲೇ ಮರದ ಅಳತೆ ಕೋಲು. ಅದು ಅವರಿಗೆ ಕೆಲಸ ಕಲಿಸಿದ ದೊಡ್ಡಮ್ಮನದು. ಹಿಡಿದು ಹಿಡಿದು ನುಣ್ಣಗಾಗಿ ಬೆಣ್ಣೆಯಂತಾಗಿದೆ. ನಾನೊಮ್ಮೆ ಅದರಿಂದ ಜೇಡರ ಬಲೆ ತೆಗೆಯಲು ಹೋಗಿ ಎರಡು ದಿನ ಮಾತು ಕೇಳಿದ್ದೇನೆ.

ಚಳಿ ಹಿಂದೆ ಸರಿದು ಮರಗಳು ಚಿಗುರುವ ಹೊತ್ತಿಗೆ ಮಾವನ ಡ್ಯೂಟಿ ಶುರು. ಬೆಳಿಗ್ಗೆ ನಾನು ಹಾಲಿನ ಡೈರಿಗೆ ಹೊರಡುವಾಗಲೇ ಕುರ್ಚಿಯಲ್ಲಿ ಇರುತ್ತಾರೆ. ಅಲ್ಲಿ ಹಾಲು ಅಳೆದು, ನೀರು ಬೆರೆಸಿದವರ ಜೊತೆ ಜಗಳವಾಡಿ ವಾಪಸು ಬರುವಷ್ಟರಲ್ಲಿ ವರದಿ ಸಿದ್ಧ. ಅಳಿಲು ದಿಂಬಿನ ಹತ್ತಿ ಕದ್ದಿತು. ಓತಿಕ್ಯಾತ ಬೇಲಿ ಮೇಲೆ ಕೂತು ದಂಡ ಹೊಡೆಯಿತು, ಯಾರಿಗೆ ತೋರಿಸಲು ಅಂತ ಗೊತ್ತಿಲ್ಲ. ಕಾಗೆ ಎರಡು ಸಲ ಬಂದು ತಪಾಸಣೆ ಮಾಡಿಕೊಂಡು ಹೋಯಿತು.

ಈ ಸಲ ಸೀಬೆ ಮರಕ್ಕೆ ಪಿಕಳಾರದ ಜೋಡಿ ಬಂತು. ತಲೆ ಮೇಲೆ ಕರಿ ಜುಟ್ಟು, ಬಾಲದ ಬುಡದಲ್ಲಿ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಎರಡಕ್ಕೂ ಮಾವ ಕೆಲಸ ಹಂಚಿದರು: ಹೆಚ್ಚು ಕೂಗುವುದು ಕಂಡಕ್ಟರು, ಸುಮ್ಮನೆ ಓಡಾಡುವುದು ಡ್ರೈವರು. ನಾರು, ಬೇರು, ಜೇಡರ ನೂಲು ತಂದು ತಂದು ಬಟ್ಟಲಿನಂಥ ಗೂಡು ಕಟ್ಟಿದವು. ಅದೇ ವಾರ ಅತ್ತೆ ಹೊಲಿಯುತ್ತಿದ್ದ ಫ್ರಾಕಿನ ಹಳದಿ ಲೇಸಿನ ತುಂಡೊಂದು ಕಾಣೆಯಾಯಿತು. ಕನ್ನಡಿ ಕಟ್ಟಲು ಮಾವ ಎತ್ತಿಕೊಂಡರು ಅಂತ ಅತ್ತೆ ತೀರ್ಪು ಕೊಟ್ಟೂ ಬಿಟ್ಟರು.

ಹೋದ ವರ್ಷ ಇದೇ ಮರದ ಗೂಡನ್ನು ಮಾವ ಊಟಕ್ಕೆ ಎದ್ದಿದ್ದಾಗ ಕಾಗೆ ಬರಿದು ಮಾಡಿತ್ತು. ಅಂದು ರಾತ್ರಿ ಅವರು ತಟ್ಟೆಯ ಮುಂದೆ ಕೂತವರು ಕೈಯನ್ನೇ ಹಾಕಲಿಲ್ಲ. ಇಡೀ ಸರ್ವೀಸಿನಲ್ಲಿ ಒಂದು ಕೋಳಿಯ ಮೇಲೂ ಚಕ್ರ ಹಾಯಿಸದ ಡ್ರೈವರು ಅವರು. ಆ ಹೆಮ್ಮೆಗೆ ಅದೊಂದು ಗೀರು. ಈ ಸಲ ಮರಿಗಳು ಕಣ್ಣು ಬಿಟ್ಟ ದಿನ ನನ್ನನ್ನು ಕರೆದು, "ನೋಡಮ್ಮ, ಇವನ್ನ ಹಾರಿಸೋ ತನಕ ನಾನು ಸೀಟು ಬಿಟ್ಟು ಏಳಲ್ಲ" ಅಂದರು. ಊಟ ಜಗುಲಿಗೇ ಹೋಗತೊಡಗಿತು.

ಆದರೆ ಆ ಸೀಬೆ ಮರ ಬೆಳೆದು ಅತ್ತೆಯ ಕಿಟಕಿಯನ್ನೇ ಮುಚ್ಚಿತ್ತು. ಶಾಲೆ ಶುರುವಾಗುವ ಮುಂಚೆ ಯೂನಿಫಾರಂ ಹೊಲಿಗೆಯ ಕಾಲ, ಮೂಟೆಗಟ್ಟಲೆ ಬಟ್ಟೆ ಬಂದು ಬಿದ್ದಿರುತ್ತದೆ. ಮಟಮಟ ಮಧ್ಯಾಹ್ನವೂ ಸೂಜಿಗೆ ದಾರ ಪೋಣಿಸಲು ಅತ್ತೆ ನನ್ನನ್ನು ಕೂಗಬೇಕಾಗುತ್ತಿತ್ತು.

"ರೀ, ಆ ಮರ ಕಡಿಸ್ತೀರೋ ಅಥವಾ ನಾನು ಕುರುಡಿ ಆಗ್ಲೋ?"

"ಮರಿ ಹಾರಲಿ, ಆಮೇಲೆ ಕಡಿಸೋಣ."

"ಅಷ್ಟರಲ್ಲಿ ಮಕ್ಕಳು ಬರೀ ಮೈಲಿ ಶಾಲೆಗೆ ಹೋಗ್ತವೆ."

ನಾನು ನಡುವೆ ಹೋಗಿ ರಾಜಿ ಮಾಡಿಸಿದೆ. ಕಿಟಕಿಗೆ ಅಡ್ಡ ಬಂದಿದ್ದು ಎರಡು ದೊಡ್ಡ ಕೊಂಬೆ. ಗೂಡಿದ್ದದ್ದು ಒಂದರಲ್ಲಿ. ಗೂಡಿಲ್ಲದ್ದನ್ನು ಈಗ ಕಡಿಯುವುದು, ಗೂಡಿರುವುದನ್ನು ಆಮೇಲೆ. ಅತ್ತೆಗೆ ಅರ್ಧ ಬೆಳಕು, ಮಾವನಿಗೆ ಪೂರ್ತಿ ಗೂಡು. ಇಬ್ಬರೂ ಒಪ್ಪಿದರು, ಇಬ್ಬರೂ ಸೋತವರ ಮುಖ ಮಾಡಿಕೊಂಡು.

ಮರ ಕಡಿಯುವವನನ್ನು ಎಲ್ಲರೂ ಕೊಂಬೆಯಣ್ಣ ಅಂತಲೇ ಕರೆಯುವುದು. ಇವತ್ತು ಬರ್ತೀನಿ ಅಂದರೆ ಮುಂದಿನ ವಾರ ಅಂತ ಅರ್ಥ. ಹಾಗಾಗಿ ಅವತ್ತು ಹೇಳಿದ ದಿನವೇ ಅವನು ಬರುತ್ತಾನೆಂದು ಯಾರೂ ನಿರೀಕ್ಷಿಸಿರಲಿಲ್ಲ. ನಾನು ಡೈರಿಯಲ್ಲಿದ್ದೆ. ನಡೆದದ್ದನ್ನು ಆಮೇಲೆ ಮೂವರೂ ಮೂರು ಥರ ಹೇಳಿದರು. ಮೂರನ್ನೂ ಹೊಲಿದು ಹೇಳುತ್ತಿದ್ದೇನೆ.

ಅವತ್ತು ಬೆಳಿಗ್ಗೆ ಕಂಡಕ್ಟರು ಹಕ್ಕಿ ಜಗುಲಿಗೆ ಹಾರಿ ಬಂದು, ಕನ್ನಡಿಯಲ್ಲಿ ತನ್ನನ್ನೇ ಕಂಡು, ಬೇರೆ ಯಾವನೋ ತನ್ನ ಗಾಡಿ ಹತ್ತಿದ್ದಾನೆ ಅಂದುಕೊಂಡು ಕುಕ್ಕಿದ್ದೇ ಕುಕ್ಕಿದ್ದು. ಟಕಟಕ ಸದ್ದಿಗೆ ಅತ್ತೆ ಎದ್ದು ಬಂದು ಕನ್ನಡಿಗೊಂದು ದಿಂಬಿನ ಚೀಲ ತೊಡಿಸಿಬಿಟ್ಟರು. ಮಾವ ಬರಿಯ ದಿಂಬಿನ ಚೀಲ ನೋಡುತ್ತಾ ಕೂತಿದ್ದಾಗ ಕೊಂಬೆಯಣ್ಣ ಏಣಿ ಹೊತ್ತು ಬಂದ.

"ಯಾವುದು ಕಡೀಬೇಕು ಡ್ರೈವರ್ ಸಾಹೇಬ್ರೇ?"

ಮಾವ ಸೀಟಿನಿಂದ ಏಳಲಿಲ್ಲ, ತಿರುಗಲೂ ಇಲ್ಲ. ಕೈಯನ್ನಷ್ಟೇ ಮೇಲೆತ್ತಿ, "ಬಲಗಡೇದು ಕಡಿ. ಎಡಗಡೇದರಲ್ಲಿ ಸಂಸಾರ ಇದೆ, ಮುಟ್ಟಬೇಡ" ಅಂದರು.

"ಬಲಗಡೇದಾ?"

"ಬಲಗಡೇದೇ. ಎಷ್ಟು ಸಲ ಹೇಳ್ಬೇಕು?"

ಕೊಂಬೆಯಣ್ಣ ಮರಕ್ಕೆ ಮುಖ ಮಾಡಿ ನಿಂತು, ತನ್ನ ಬಲಗೈ ನೋಡಿಕೊಂಡು, ಬಲಗಡೆಯ ಕೊಂಬೆ ಹತ್ತಿದ. ಎಲೆ ದಟ್ಟವಾಗಿತ್ತು, ಗೂಡು ತುದಿಯ ಕಡೆಗಿತ್ತು, ಅವನು ಕೂತದ್ದು ಬುಡದ ಕಡೆ. ಗರಗಸ ಇಟ್ಟ. ಹಕ್ಕಿಗಳು ಅರಚಿಕೊಂಡವು. ಯಾವ ಮರ ಹತ್ತಿದರೂ ಯಾವುದಾದರೊಂದು ಹಕ್ಕಿ ತನ್ನನ್ನು ಬಯ್ಯುವುದು ಇದ್ದದ್ದೇ ಅಂತ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಒಳಗೆ ಮಿಷನ್ನಿನ ಸದ್ದಿನಲ್ಲಿ ಅತ್ತೆಗೆ ಏನೂ ಕೇಳಲಿಲ್ಲ.

ಮಾವನಿಗೆ ಕೇಳಿತು. ಎಂಜಿನ್ನಿನ ಸದ್ದು ಒಂಚೂರು ಬದಲಾದರೂ ಹಿಡಿಯುವ ಕಿವಿ ಅದು. ದಿಂಬಿನ ಚೀಲ ಕಿತ್ತು ಎಸೆದರು. ಕನ್ನಡಿಯಲ್ಲಿ ಗೂಡು ಗಡಗಡ ನಡುಗುತ್ತಿತ್ತು.

"ಹೋಲ್ಡಾನ್!"

ಅಷ್ಟರಲ್ಲಿ ನಾನು ಡೈರಿಯಿಂದ ವಾಪಸು ಬಂದು ಗೇಟಿನ ಹತ್ತಿರ ಇದ್ದೆ. ಮಾವನ ಕೂಗಿಗೆ ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲೊಂದು ಬ್ರೇಕ್ ಹಾಕಿದ್ದನ್ನು ನಾನೇ ಕಂಡೆ. ಓಡಿ ಹಿತ್ತಿಲಿಗೆ ಬಂದರೆ ಮಾವ ಎದ್ದು ನಿಂತಿದ್ದಾರೆ, ಕುರ್ಚಿ ಮಗುಚಿದೆ, ಕುತ್ತಿಗೆ ಪೂರ್ತಿ ಎಡಕ್ಕೆ ತಿರುಗಿದೆ. ವರ್ಷಗಳಿಂದ ತಿರುಗದ ಕುತ್ತಿಗೆ. ಮೇಲೆ ಕೊಂಬೆಯಣ್ಣ ಅರ್ಧ ಸೀಳಿದ ಕೊಂಬೆಯನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದಾನೆ. ಅದು ಅಷ್ಟಷ್ಟೇ ಜೋಲುತ್ತಿದೆ, ಗೂಡು ಒಂದು ಕಡೆಗೆ ವಾಲಿದೆ.

"ನಾನು ಬಿಟ್ರೆ ಬೀಳುತ್ತೆ. ಬಿಡದಿದ್ರೆ ನಾನು ಬೀಳ್ತೀನಿ. ಯಾವುದಕ್ಕೂ ಬೇಗ ಹೇಳಿ" ಅಂದ.

ಅತ್ತೆ ಹೊರಗೆ ಬಂದು ಒಂದು ಸಲ ಮರ ನೋಡಿದರು, ಒಂದು ಸಲ ಮಾವನ ಮುಖ ನೋಡಿದರು. ಅತ್ತೆ ಒಳಗೆ ಹೋದರು. ಬಂದಾಗ ಕೈಯಲ್ಲಿ ಅಳತೆ ಕೋಲು, ಹೆಗಲ ಮೇಲೆ ಬಟ್ಟೆಯಂಚಿನ ಉದ್ದುದ್ದ ಪಟ್ಟಿಗಳು. ಬಾಗಿಲು ದಾಟುವಾಗ ಮೊಳೆಯ ಮೇಲಿದ್ದ ಸ್ಪಂಜಿನ ಪಟ್ಟಿಯನ್ನೂ ಎಳೆದುಕೊಂಡರು.

"ಏಣಿ ಹಿಡ್ಕೋ" ಅಂದರು ನನಗೆ.

ಹತ್ತಿದರು. ಸೀಳಿದ ಜಾಗಕ್ಕೆ ಮೊದಲು ಮಾವನ ಕುತ್ತಿಗೆ ಪಟ್ಟಿ ಸುತ್ತಿದರು. ಅದರ ಮೇಲೆ ದೊಡ್ಡಮ್ಮನ ಅಳತೆ ಕೋಲನ್ನು ಕೊಂಬೆಯುದ್ದಕ್ಕೆ ಇಟ್ಟು, ಪಟ್ಟಿಗಳಿಂದ ಬಿಗಿದು ಬಿಗಿದು ಕಟ್ಟಿದರು. ಮೂಳೆ ಮುರಿದ ಕೈಗೆ ದಬ್ಬೆ ಕಟ್ಟುವುದಿಲ್ಲವೇ, ಹಾಗೆ. ನಂತರ ಮೇಲಿನ ಕೊಂಬೆಗೆ ಒಂದು ಜೋಲಿ. ಕೊಂಬೆಯಣ್ಣ ಒಂದೊಂದೇ ಬೆರಳು ಬಿಟ್ಟು ನೋಡಿದ. ನಿಂತಿತು.

ಅತ್ತೆ ಇಳಿಯಲಿಲ್ಲ. ಎಲೆ ಸರಿಸಿ ಇಣುಕಿದರು.

"ಮೂರೂ ಇವೆ" ಅಂದರು. ಆಮೇಲೆ, "ನನ್ನ ಹಳದಿ ಲೇಸೂ ಇದೆ. ನೀಟಾಗಿ ಮಡಚಿ ಅಂಚು ಕೂಡಿಸಿದೆ ನೋಡು. ನಿನಗೆ ಎರಡು ವರ್ಷದಿಂದ ಹೇಳಿಕೊಡ್ತಾ ಇದೀನಿ, ನೀನು ಹೀಗೆ ಒಂದಿನ ಮಡಚಿದ್ದಿಲ್ಲ."

ಏಣಿ ಹಿಡಿದ ತಪ್ಪಿಗೆ ನನಗೂ ಒಂದು ಪಾಲು.

ಈಗ ತಾಯಿ ತಂದೆ ವಾಪಸು ಬರಬೇಕಲ್ಲ. ಎದುರು ನಿಂತರೆ ಬರುವುದಿಲ್ಲ. ಹಾಗಾಗಿ ನಾವು ನಾಲ್ಕೂ ಜನ ಜಗುಲಿಯಲ್ಲಿ ಮರಕ್ಕೆ ಬೆನ್ನು ಹಾಕಿ, ಗೋಡೆಯ ಕನ್ನಡಿಗೆ ಮುಖ ಮಾಡಿ ಸಾಲಾಗಿ ಕೂತೆವು. ಮಾವನ ಕುತ್ತಿಗೆ ಮಾತ್ರ ಎಡಕ್ಕೆ ಹಿಡಿದುಕೊಂಡದ್ದು ಬಿಡಲೇ ಇಲ್ಲ.

"ರೀ, ನೀವು ಕೂತಿದ್ದು ಮರಕ್ಕೆ ಬೆನ್ನು ಹಾಕಿ. ಅವನು ನಿಂತಿದ್ದು ಮುಖ ಮಾಡಿ. ನಿಮ್ಮ ಬಲ ಅವನಿಗೆ ಎಡ ಆಗಲ್ವಾ?" ಅಂದರು ಅತ್ತೆ, ಮೆಲ್ಲಗೆ.

ಮಾವ ಎರಡೂ ಅಂಗೈ ಮುಂದೆ ಹಿಡಿದು ನೋಡಿಕೊಂಡರು. "ಬಸ್ಸಿನಲ್ಲಿ ಎಲ್ಲರೂ ನಾನು ಮುಖ ಮಾಡಿದ ಕಡೆಗೇ ಮುಖ ಮಾಡಿ ಕೂರ್ತಿದ್ರು. ನನ್ನ ಬಲವೇ ಎಲ್ಲರ ಬಲ" ಅಂದರು. ದನಿ ಸಣ್ಣಗಾಗಿತ್ತು. "ನಾನೇ ಕೊಂದಿರ್ತಿದ್ದೆ."

ಇನ್ನೊಂದು ಹೊತ್ತಿನಲ್ಲಾಗಿದ್ದರೆ ಅತ್ತೆ ಇದನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಅವತ್ತು, "ಬ್ರೇಕ್ ಹಾಕಿದ್ರಲ್ಲ, ಸುಮ್ನಿರಿ" ಅಂದರು ಅಷ್ಟೇ.

ಚಹಾ ಕುಡಿದು ಮುಗಿದರೂ ಕನ್ನಡಿ ಖಾಲಿ. ಕೊಂಬೆಯಣ್ಣ ಎರಡನೇ ಲೋಟ ಕೇಳಿದ. ಅದೂ ಮುಗಿಯುವ ಹೊತ್ತಿಗೆ ಕನ್ನಡಿಯ ಮೂಲೆಯಲ್ಲಿ ಒಂದು ಜುಟ್ಟು ಕಂಡಿತು. ಡ್ರೈವರು ಹಕ್ಕಿ. ಬಾಯಲ್ಲಿ ಹುಳು. ಹೊಸ ಕಟ್ಟಿನ ಮೇಲೆ ಕೂತು ಸ್ಪಂಜನ್ನು ಒಂದು ಸಲ ಕುಕ್ಕಿ ನೋಡಿ, ಪರವಾಗಿಲ್ಲ ಅನ್ನುವಂತೆ ಗೂಡಿಗೆ ಹಾರಿತು. ಮೂರು ಕೆಂಪು ಬಾಯಿ ಮೇಲೆದ್ದವು. ಮಾವ ಕಣ್ಣೊರೆಸಿಕೊಂಡರು, ಕುತ್ತಿಗೆ ನೋವಿಗೆ ಅಂದರು. ನಾವೂ ಹೂಂ ಅಂದೆವು.

"ಹಾಗಾದ್ರೆ ಎಡಗಡೇದು ಕಡೀಲಾ?" ಅಂದ ಕೊಂಬೆಯಣ್ಣ.

ಮೂವರೂ ಅವನನ್ನು ನೋಡಿದ ನೋಟಕ್ಕೆ ಅವನು ಏಣಿ ಎತ್ತಿಕೊಂಡು ಹೊರಟೇಬಿಟ್ಟ.

ಒಂದು ವಾರ ಮಾವ ಎಡಕ್ಕೇ ನೋಡಿಕೊಂಡು ಓಡಾಡಿದರು. ಡಾಕ್ಟರು ಪಟ್ಟಿ ಎಲ್ಲಿ ಅಂತ ಕೇಳಿದಾಗ ಅತ್ತೆ, "ಅವರಿಗಿಂತ ಹೆಚ್ಚು ಪೆಟ್ಟಾದವರಿಗೆ ಕೊಟ್ಟಿದೀವಿ" ಅಂದರಂತೆ. ಕಿಟಕಿ ಕತ್ತಲಾಗಿಯೇ ಉಳಿಯಿತು. ಅತ್ತೆ ನನ್ನ ಯಜಮಾನರ ಕೈಲಿ ಮಿಷನ್ನು ಎತ್ತಿಸಿ ಜಗುಲಿಯ ಅಂಚಿಗೆ ತಂದು, ಹಿತ್ತಿಲಿಗೆ ಮುಖ ಮಾಡಿ ಕೂತರು. ಬೆಳಕು ಬೇಕಾದಷ್ಟು. ಅವರ ಬೆನ್ನಿಗೆ ಮಾವನ ಕುರ್ಚಿಯ ಬೆನ್ನು. ಒಬ್ಬರು ಮರ ನೋಡುತ್ತಾ, ಒಬ್ಬರು ಕನ್ನಡಿ ನೋಡುತ್ತಾ, ದಿನವೆಲ್ಲ ಚರ್ಚೆ.

"ಈಗ ಬಂತು ನೋಡಿ, ಬಲಗಡೆಯಿಂದ."

"ಯಾರ ಬಲ?"

"ನನ್ನ ಬಲ. ಈ ಮನೇಲಿ ಇನ್ಮೇಲೆ ಅದೇ ಬಲ."

ಮರಿಗಳು ಹಾರಿದ ದಿನ ನಾನು ಬಾಗಿಲಲ್ಲೇ ಇದ್ದೆ. ಎರಡು ಬೇಲಿಗೆ ಹಾರಿ, ಅಲ್ಲಿಂದ ಪಕ್ಕದ ತೋಟಕ್ಕೆ ಹೋದವು. ಮೂರನೆಯದು ಅಳತೆ ಕೋಲಿನ ತುದಿಗೆ ಬಂದು ಕೂತು, ಇಳಿಯಬೇಕಾದ ಸ್ಟಾಪು ಇದೇನಾ ಅನ್ನುವವರ ಹಾಗೆ ಆಚೀಚೆ ನೋಡಿತು. ಆಮೇಲೆ ಹಾರಿದ್ದು ನೇರ ನಮ್ಮ ಕಡೆಗೆ. ಅತ್ತೆಯ ತಲೆ ಮೇಲಿಂದ, ಮಾವನ ತಲೆ ಮೇಲಿಂದ ಬಂದು ಕನ್ನಡಿಯ ಮೇಲ್ಗಡೆ ಧೊಪ್ಪನೆ ಕೂತಿತು.

ಮಾವ ಕನ್ನಡಿಯೊಳಗೇ ಹುಡುಕುತ್ತಿದ್ದರು. "ಎಲ್ಲಿ ಹೋಯ್ತೇ? ಬಿತ್ತಾ? ಮರದಲ್ಲಿ ಕಾಣ್ತಾ ಇಲ್ವಲ್ಲೇ."

"ಕನ್ನಡಿ ಒಳಗಲ್ಲ ಮಾವ, ಕನ್ನಡಿ ಮೇಲೆ" ಅಂದೆ.

ಅವರು ಕಣ್ಣಷ್ಟೇ ಎತ್ತಿದರು. ಮರಿ ಅವರನ್ನು ನೋಡಿತು, ಬಾಲ ಎತ್ತಿತು, ಗಾಜಿನ ಮೇಲೆ ಬಿಳಿ ಗೆರೆಯೊಂದು ಇಳಿಯಿತು. ಹಾರಿಹೋಯಿತು.

"ಟಿಕೆಟ್ಟು ಕೊಟ್ಟೇ ಇಳೀತು ನೋಡಿ, ಪುಕ್ಕಟೆ ಬಂತು ಅನ್ನೋ ಹಾಗಿಲ್ಲ" ಅಂದರು ಅತ್ತೆ. "ಆಯ್ತಲ್ಲ, ಗಾಡಿ ಖಾಲಿ. ಇನ್ನಾದರೂ ಎದ್ದು ಒಳಗೆ ಊಟ ಮಾಡ್ತೀರಾ?"

ಮಾವ ಎದ್ದು ದಿಂಬಿನ ಚೀಲದಿಂದ ಗಾಜು ಒರೆಸಿದರು. ಕನ್ನಡಿಯನ್ನು ಮರದ ಕಡೆಯಿಂದ ಸ್ವಲ್ಪ ಕೆಳಕ್ಕೆ ಬಗ್ಗಿಸಿದರು. ಮತ್ತೆ ಕೂತು, ಒಂದು ಕೂದಲೆಳೆಯಷ್ಟು ಸರಿಪಡಿಸಿದರು. ನಾನು ಬಾಗಿಲಿಂದ ನೋಡಿದೆ. ಅದರಲ್ಲಿ ಈಗ ಮರ ಇರಲಿಲ್ಲ, ಮಿಷನ್ನಿನ ಮೇಲೆ ಬಗ್ಗಿದ ಒಂದು ಬೆನ್ನು, ಒಂದು ನರೆತ ಕೂದಲ ಗಂಟು.

"ಪೂರ್ತಿ ಖಾಲಿ ಆಗಿಲ್ಲ" ಅಂದರು. "ಒಬ್ಬಳು ಇನ್ನೂ ಕೂತೇ ಇದಾಳೆ."

ಅತ್ತೆ ತಿರುಗಲಿಲ್ಲ. ದಾರದ ತುದಿ ಕಚ್ಚಿ ಉಗುಳಿ, ಮಿಷನ್ನು ತುಳಿಯತೊಡಗಿದರು.

"ಅವಳು ಇಳಿಯೋಳಲ್ಲ. ಮುಂದೆ ನೋಡ್ಕೊಂಡು ಓಡ್ಸಿ."