ಹಳ್ಳದ ದಂಡೆಯ ಲಕ್ಕಿ

ಹಾಜಿರಾಬಿಯ ಅಂಗೈ ನೋಡಿದರೆ ಸಾಕು, ಕಸುಬು ತಿಳಿಯುತ್ತಿತ್ತು. ಲಕ್ಕಿ ಗಿಡದ ಕಡ್ಡಿ ಸೀಳಿ ಸೀಳಿ ಚರ್ಮ ಬಿರಿದಿತ್ತು. ಡಂಬಳದ ಸುತ್ತಿನ ಹೊಲಗಳಿಗೆಲ್ಲ ಅವಳು ಹೆಣೆದ ಬುಟ್ಟಿಗಳೇ. ಗಂಡ ತೀರಿದ ಮೇಲೆ ಅದೇ ಅನ್ನ. ಆದರೆ ಕಡ್ಡಿಗಾಗಿ ದಿನಾ ಗುಡ್ಡ ಅಲೆಯಬೇಕಿತ್ತು.

ಹಳ್ಳದ ಪಕ್ಕದ ಎರೆಹೊಲ ಅಂದಾನಪ್ಪಗೌಡರದು. ದಂಡೆಯ ಗಿಡಗಂಟಿಯನ್ನೆಲ್ಲ ಕಡಿಸಿ ಅಂಚಿನವರೆಗೂ ಬಿತ್ತಿಸಿದ್ದರು. ಅತಿಆಸೆ ಗತಿಗೇಡು. ಮಳೆ ಬಂದಾಗಲೆಲ್ಲ ಹಳ್ಳ ಹೊಲವನ್ನು ನುಂಗತೊಡಗಿತು. ಆಗ ಗೌಡರೇ ಅವಳ ಬಾಗಿಲಿಗೆ ಬಂದರು.

"ತಂಗೀ, ದಂಡಿಗುಂಟ ಲಕ್ಕಿ ಹಚ್ಚು. ಮಣ್ಣು ನನಗ ಉಳೀಲಿ, ಕಡ್ಡಿ ನೀ ತಗೋ."

ಮಾತಿಗೆ ಸಾಕ್ಷಿಯಾಗಿ ಮೊಹರಮ್ಮಿಗೆ ಬೆಂಕಿ ಉರಿಸುವ ಅಲಾವಿ ಕುಣಿಯ ಬೂದಿಯನ್ನು ಹಣೆಗೆ ಹಚ್ಚಿಕೊಂಡರು. ಅವಳಿಗೆ ಅಷ್ಟು ಸಾಕಾಯಿತು. ಅಂದಿನಿಂದ ಅವರನ್ನು ಅಣ್ಣಾ ಎಂದೇ ಕರೆದಳು. ರಂಜಾನಿಗೆ ಮಾಡಿದ ಶಾವಿಗೆಯ ಸುರಕುಂಬಾ ಮೊದಲು ಅವರ ಮನೆಗೆ ಹೋಗುತ್ತಿತ್ತು.

ಓಣಿಯ ಹೆಂಗಸರನ್ನು ಕರೆದೊಯ್ದು ಲಕ್ಕಿಯ ತುಂಡು ನೆಟ್ಟಳು, ನಡುವೆ ಜೇಕು ಹುಲ್ಲು ಹಚ್ಚಿದಳು. ಬೇಸಿಗೆಯಲ್ಲಿ ಕೊಡ ಹೊತ್ತಳು. ಬೇರು ಮಣ್ಣು ಹಿಡಿಯುವ ತನಕ ಕುಡುಗೋಲು ಮುಟ್ಟಿಸಬಾರದೆಂಬುದು ಬುಟ್ಟಿ ಹೆಣೆಯುವವರ ನೇಮ. ಕಣ್ಣೆದುರಿಗೇ ಲಕ್ಕಿ ತೂಗುತ್ತಿದ್ದರೂ ಮೂರು ವರ್ಷ ಗುಡ್ಡಕ್ಕೇ ಹೋಗಿ ಕಡ್ಡಿ ತಂದಳು.

ನಾಲ್ಕನೆಯ ಮಳೆಗಾಲ ಹಳ್ಳ ಉಕ್ಕಿ ಬಂತು. ಆಚೆ ದಂಡೆಯ ಹೊಲಗಳು ಕೊಚ್ಚಿಹೋದವು, ಗೌಡರ ಮಣ್ಣು ಅಲುಗಲಿಲ್ಲ. ನೀರು ಇಳಿದ ಮೇಲೆ ಹಾಜಿರಾಬಿ ಕುಡುಗೋಲು ಹಿಡಿದು ಹೋದಳು. ಅಲ್ಲಿ ಗೌಡರ ಆಳು ಅಡ್ಡ ನಿಂತಿದ್ದ. ಇಡೀ ದಂಡೆಯ ಲಕ್ಕಿಯನ್ನು ಬೆಟಗೇರಿಯ ವ್ಯಾಪಾರಿಯೊಬ್ಬನಿಗೆ ಮಾರಿ ಆಗಿತ್ತಂತೆ. ಅವಳು ಗೌಡರು ಕೂತಿದ್ದ ಊರ ಕಟ್ಟೆಗೆ ಓಡಿಹೋಗಿ ಕೊಟ್ಟ ಮಾತು ನೆನಪಿಸಿದಳು. ಗೌಡರು ಎಲೆಯಡಿಕೆ ಅಗಿಯುತ್ತಲೇ ಕೇಳಿದರು.

"ಮೂರು ವರ್ಷದಾಗ ಒಂದರ ಕಡ್ಡಿ ಕೊಯ್ದೀಯೇನು? ನಿಂದಾಗಿದ್ರ ಸುಮ್ನ ಬಿಡ್ತಿದ್ದೇನು?"

ಕಟ್ಟೆಯ ಮೇಲಿದ್ದವರು ಹೌದೆಂದು ತಲೆಯಾಡಿಸಿದರು. ಯಾವ ತಾಳ್ಮೆ ಅವರ ಹೊಲ ಉಳಿಸಿತ್ತೋ, ಅದೇ ಅವಳಿಗೆ ಮುಳುವಾಯಿತು. ಕಳ್ಳ ಕದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ತಂಗಿ ಎಂದು ಕರೆದು ಸುರಕುಂಬಾ ಉಂಡ ಬಾಯಿಯೇ ಇದನ್ನು ಆಡಿತ್ತು. ನಂಬಿಸಿ ಕುತ್ತಿಗೆ ಕೊಯ್ಯುವುದೆಂದರೆ ಇದೇ.

ಮರುದಿನ ವ್ಯಾಪಾರಿಯ ಗಾಡಿ ಬರುವ ಮೊದಲೇ ಓಣಿಯ ಹೆಂಗಸರೆಲ್ಲ ದಂಡೆಗೆ ಇಳಿದರು. ಮುಂದೆ ಮುದುಕವ್ವ. ಅವಳ ಮಗ ಗೌಡರ ಮನೆಯಲ್ಲೇ ದುಡಿಯುವವನು, ಆದರೂ ಬಂದಿದ್ದಳು. ಗೌಡರು ಬಂದು ಪೊಲೀಸರನ್ನು ಕರೆಸುತ್ತೇನೆಂದು ಹೆದರಿಸಿದರು. ಕುಡುಗೋಲುಗಳು ನಿಲ್ಲಲಿಲ್ಲ. ಪ್ರತಿ ಬುಡವನ್ನೂ ಗೇಣು ಬಿಟ್ಟೇ ಕೊಯ್ಯುತ್ತಿದ್ದರು.

ಹಾಜಿರಾಬಿ ಹೊರೆ ಕಟ್ಟಿ ಮೇಲೆದ್ದಳು. ಅಣ್ಣಾ ಎನ್ನಲಿಲ್ಲ.

"ಬೇರು ಬಿಟ್ಟೀವ್ರಿ, ಗೌಡ್ರ. ನಿಮ್ಮ ಮಣ್ಣು ಎಲ್ಲೂ ಹೋಗೂದಿಲ್ಲ. ಹಳ್ಳಕ್ಕ ಹೋಗಿದ್ದು ನಿಮ್ಮ ಮಾತು."