ಕಾಗದದ ತಟ್ಟೆಗೆ ಮೂರು ಗುಂಡು

ಈ ಗುಂಡೂ ತಟ್ಟೆಗೆ ತಾಕಲಿಲ್ಲ. ತಟ್ಟೆಗಿಂತ ಮೊಳದಷ್ಟು ಕೆಳಗೆ, ಜಲ್ಲಿಗುಂಡಿಯ ದಿಬ್ಬದಲ್ಲಿ ಪುಸ್ಸೆಂದು ಧೂಳೆದ್ದಿತು. ಎಲ್ಡನ್ ಬೈನಾಕ್ಯುಲರ್ ಇಳಿಸಿ, ಏನೂ ಆಗಿಲ್ಲವೆನ್ನುವ ಹಾಗೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡ.

"ಕೆಳಗ್ಹೋಯ್ತು," ಎಂದ.

"ಗೊತ್ತು ತಾತ."

"ಉಸಿರು ಬಿಡು, ಅರ್ಧಕ್ಕೆ ನಿಲ್ಸು, ಆಮೇಲೆ ಟ್ರಿಗರ್ ಒತ್ತು ಅಂತ ಎಷ್ಟು ಸಲ ಹೇಳೋದು?"

"ಹಾಗೇ ಮಾಡ್ದೆ."

"ಮಾಡಿದ್ರೆ ಅದು ಕೆಳಗೆ ಹೋಗ್ತಿತ್ತಾ?"

ಹಾಸಿದ ಕಂಬಳಿಯ ಮೇಲೆ ಬೋರಲು ಮಲಗಿದ್ದ ಮಾರಿಟ್ ಬಂದೂಕಿನ ಬೋಲ್ಟ್ ಹಿಂದಕ್ಕೆಳೆದಳು. ಖಾಲಿ ತೋಟಾ ಹಾರಿ ಕಲ್ಲಿನ ಮೇಲೆ ಟಿಣ್ಣೆಂದು ಬಿತ್ತು. ಬಲಗೈಯನ್ನು ಒಮ್ಮೆ ಕೊಡವಿ, "ಇನ್ನೊಂದು ಹೊಡೀತೀನಿ," ಎಂದಳು. ಹನ್ನೆರಡು ವರ್ಷದ, ಕಡ್ಡಿಯಂಥ ಹುಡುಗಿ. ಆ ಬಂದೂಕಿನ ಪಕ್ಕದಲ್ಲಿ ಮಲಗಿದರೆ ಯಾವುದು ಯಾವುದನ್ನು ಹಿಡಿದುಕೊಂಡಿದೆಯೆಂದು ಅನುಮಾನ ಬರುವ ಹಾಗಿತ್ತು.

ಬಂದೂಕು ಎಲ್ಡನ್‌ನ ಅಪ್ಪನದು. ಥರ್ಟಿ-ಆಟ್-ಸಿಕ್ಸ್, ದೊಡ್ಡ ತೋಟಾದ್ದು. ಉದ್ದನೆಯ ಅಕ್ರೋಟ್ ಮರದ ಹಿಡಿ, ಬುಡಕ್ಕೆ ಕಬ್ಬಿಣದ ತಗಡು. ಹಾಗ್‌ಲಂಡ್ ಮನೆತನದಲ್ಲಿ ಯಾರೇ ಆಗಲಿ, ಮೊದಲ ಜಿಂಕೆಯನ್ನು ಈ ಬಂದೂಕಿನಿಂದಲೇ ಹೊಡೆಯಬೇಕು. ಎಲ್ಡನ್ ಹೊಡೆದಿದ್ದ, ಅವನ ತಮ್ಮಂದಿರು ಹೊಡೆದಿದ್ದರು, ಮಗಳು ಜೋಲೀನ್ ಹೊಡೆದಿದ್ದಳು. ಈಗ ಮೊಮ್ಮಗಳ ಸರದಿ. ಇನ್ನೊಂದು ಕಟ್ಟಳೆಯೂ ಇತ್ತು, ಅದನ್ನು ಮಾಡಿದವನು ಎಲ್ಡನ್ನೇ. ನೂರು ಗಜ ದೂರದಲ್ಲಿ ತಿಂಡಿ ಅಂಗಡಿಯವರು ಕೊಡುವ ಕಾಗದದ ತಟ್ಟೆ ಇಟ್ಟು, ಅದಕ್ಕೆ ಸಾಲಾಗಿ ಮೂರು ಗುಂಡು ಹೊಡೆದವರು ಮಾತ್ರ ಶಿಕಾರಿಗೆ. ಹೊಡೆಯದವರು ಮನೆಯಲ್ಲಿ ಪಾತ್ರೆ ತೊಳೆಯಬೇಕು. ಗಾಯಗೊಂಡ ಜಿಂಕೆ ಸೇಜ್ ಪೊದೆಗಳ ನಡುವೆ ಎಲ್ಲೋ ಹೋಗಿ ನರಳಿ ಸಾಯುವುದನ್ನು ಒಮ್ಮೆ ನೋಡಿದ ಮೇಲೆ ಮಾಡಿದ ಕಟ್ಟಳೆ ಅದು. ಅದರಲ್ಲಿ ರಿಯಾಯಿತಿ ಇರಲಿಲ್ಲ, ಮೊಮ್ಮಗಳೆಂದರೂ ಇರಲಿಲ್ಲ. ಶನಿವಾರ ಜಿಂಕೆ ಶಿಕಾರಿಯ ಕಾಲ ಶುರು.

ಮಾರಿಟ್‌ಗೆ ಗುರಿ ಇಲ್ಲವೆಂದಲ್ಲ. ಎರಡು ವರ್ಷದಿಂದ ಟ್ವೆಂಟಿ-ಟೂ ಅಳತೆಯ ಪುಟ್ಟ ಬಂದೂಕಿನಲ್ಲಿ ಬೇಲಿಯ ಮೇಲಿಟ್ಟ ಬಾಟಲಿ ಮುಚ್ಚಳಗಳನ್ನು ಒಂದೊಂದಾಗಿ ಹಾರಿಸಿದವಳು. ಶಿಕಾರಿ ತರಗತಿಯ ಪರೀಕ್ಷೆಯಲ್ಲಿ ಗಂಡು ಹುಡುಗರನ್ನೆಲ್ಲ ಹಿಂದೆ ಹಾಕಿದವಳು. ಅದಕ್ಕೇ ಎಲ್ಡನ್‌ಗೆ ತಲೆ ಕೆಟ್ಟಿದ್ದು. ಇನ್ನೂ ಎರಡು ಹೊಡೆಸಿದ. ಎರಡೂ ಮಣ್ಣು ತಿಂದವು. ಕತ್ತಲಾಗುವ ಮುಂಚೆ ಕಂಬಳಿ ಮಡಚಿದರು.

ಮನೆಯಲ್ಲಿ ಜೋಲೀನ್ ಜಿಂಕೆ ಮಾಂಸದ ಚಿಲ್ಲಿ ಸಾರು ಮಾಡಿದ್ದಳು, ಜತೆಗೆ ಚಕ್ಕೆ ಪುಡಿ ಹಾಕಿದ ಸಿಹಿ ಬನ್ನು. ಮಾರಿಟ್ ಎಡಗೈಯಲ್ಲಿ ಚಮಚ ಹಿಡಿದಳು. ಅಮ್ಮನಾದವಳಿಗೆ ಅಷ್ಟು ಸಾಕಾಯಿತು. ಎದ್ದು ಬಂದು ಮಗಳ ಅಂಗಿಯ ಕೊರಳು ಸರಿಸಿ ನೋಡಿದಳು. ಭುಜದ ಮೇಲೆ ನೇರಳೆ ಬಣ್ಣಕ್ಕೆ ತಿರುಗಿದ ಗುರುತು, ಅಂಗೈಯಗಲ.

"ಅಪ್ಪ," ಎಂದಳು ಜೋಲೀನ್. ದನಿ ಏರಿಸಲಿಲ್ಲ.

"ಮೊದಮೊದ್ಲು ಹಾಗೇ. ಅಭ್ಯಾಸ ಆಗುತ್ತೆ. ನಿಂಗೂ ಆಗಿತ್ತು."

"ನಂಗೇನೂ ಆಗ್ಲಿಲ್ಲ ಅಮ್ಮ," ಎಂದಳು ಮಾರಿಟ್.

"ನೀನು ಸುಮ್ನಿರು. ಅಪ್ಪ, ನಾನು ನನ್ನ ಮೊದಲ ಜಿಂಕೆ ಹೊಡ್ದಾಗ ಕಣ್ಣು ಮುಚ್ಕೊಂಡಿದ್ದೆ. ಗೊತ್ತಾ ನಿಂಗೆ?"

ಎಲ್ಡನ್ ಬನ್ನನ್ನು ಚಿಲ್ಲಿಯಲ್ಲಿ ಅದ್ದಿದವನು ಹಾಗೇ ಹಿಡಿದುಕೊಂಡ. "ಒಂದೇ ಗುಂಡಿಗೆ ಬಿತ್ತಲ್ಲೇ ಅದು. ಊರೆಲ್ಲ ಹೇಳ್ಕೊಂಡು ಬಂದಿದ್ದೀನಿ."

"ಹೇಳ್ಕೊಂಡು ಬಂದೆ. ಅದಕ್ಕೇ ನಾನು ಬಾಯಿ ಬಿಡ್ಲಿಲ್ಲ. ಅದು ಸಿಕ್ಕಿದ್ದು ನನ್ನ ಅದೃಷ್ಟ, ಅದರ ದುರದೃಷ್ಟ."

"ಆಮೇಲೆ ನೀನೇ ಬರ್ಲಿಲ್ಲ. ಹುಡುಗರ ಹಿಂದೆ ಓಡಾಡೋಕೆ ಪುರುಸೊತ್ತಿರ್ಲಿಲ್ಲ ನಿಂಗೆ."

"ಹುಡುಗ್ರಲ್ಲ ಅಪ್ಪ. ಆ ಬಂದೂಕು. ಅದನ್ನ ಮುಟ್ಟೋಕೇ ಹೆದರಿಕೆ ಆಗೋದು ನಂಗೆ." ಜೋಲೀನ್ ಮತ್ತೆ ಕೂತು ತನ್ನ ತಟ್ಟೆ ಎಳೆದುಕೊಂಡಳು. "ಇವಳೂ ಬಿಟ್ಟುಬಿಡ್ಬೇಕು ಅಂತಿದ್ರೆ ನಾಳೆನೂ ಅದನ್ನೇ ಕೊಡು."

ಎಲ್ಡನ್ ಅಂಥದ್ದಕ್ಕೆಲ್ಲ ಒಂದೇ ಸಲಕ್ಕೆ ಬಗ್ಗುವ ಆಸಾಮಿಯಲ್ಲ. ರಾತ್ರಿಯೆಲ್ಲ ಮಗ್ಗುಲು ಬದಲಾಯಿಸಿ, ಬೆಳಗ್ಗೆ ಒಂದು ಉಪಾಯ ಕಂಡುಕೊಂಡ. ಬಂದೂಕಿನ ಬುಡಕ್ಕೆ ರಬ್ಬರ್ ಮೆತ್ತೆ ಹಾಕಿಸಿದರಾಯಿತು! ಅಪ್ಪನ ಬಂದೂಕೂ ಉಳಿಯಿತು, ಹುಡುಗಿಯ ಭುಜವೂ ಉಳಿಯಿತು. ಹಾಗೆಂದುಕೊಂಡು ವಾಂಡಾಳ ಅಂಗಡಿಗೆ ಹೋದ.

ವಾಂಡಾ ಅವನ ಜತೆ ಶಾಲೆ ಓದಿದವಳು. ಗಂಡ ಸತ್ತ ಮೇಲೆ ಬಂದೂಕಿನ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದಳು. ಗಿರಾಕಿಗಳಿಗೆ ಬೈದು ವ್ಯಾಪಾರ ಮಾಡುವುದು ಅವಳ ಪದ್ಧತಿ. ಬೈಸಿಕೊಳ್ಳದೆ ಹೊರಗೆ ಬಂದವನು ವಾಂಡಾಳಿಗೆ ಮೈ ಹುಷಾರಿಲ್ಲವೇನೋ ಎಂದುಕೊಳ್ಳುತ್ತಿದ್ದ.

"ರಬ್ಬರ್ ಹಾಕಿದ್ರೆ ಬಂದೂಕು ಇನ್ನೂ ಒಂದಿಂಚು ಉದ್ದ ಆಗುತ್ತಲ್ಲೋ," ಎಂದಳು. "ಈಗ್ಲೇ ಅದು ನಿನ್ನ ಮೊಮ್ಮಗಳಿಗೆ ಉದ್ದ. ಕತ್ತು ಚಾಚಿ ಗುರಿ ಹಿಡೀತಾಳೆ, ಹೌದೋ ಅಲ್ವೋ?"

"ಸ್ವಲ್ಪ."

"ಗುಂಡು ಎಲ್ಲಿಗೆ ಹೋಗ್ತಿದೆ?"

"ಕೆಳಕ್ಕೆ."

"ಹ್ಞೂಂ. ಬಂದೂಕು ಭುಜಕ್ಕೆ ಒದೆಯುತ್ತೆ ಅಂತ ಮೊದ್ಲೇ ಬೆಚ್ಚಿ ಮೂತಿ ಬಗ್ಗಿಸ್ತಿದಾಳೆ." ಡ್ರಾಯರ್ ಎಳೆದು ಎರಡು ತೋಟಾಗಳನ್ನು ಗಾಜಿನ ಮೇಜಿನ ಮೇಲಿಟ್ಟಳು. ತಳಕ್ಕೆ ಕೆಂಪು ಬಣ್ಣ ಬಳಿದಿತ್ತು. "ಪೊಳ್ಳು ತೋಟಾ. ಒಳಗೆ ಮದ್ದಿಲ್ಲ. ನೀನೇ ತುಂಬಿ ಕೊಡು, ನಿಜವಾದದ್ದರ ಮಧ್ಯೆ ಇದನ್ನೂ ಒಂದು ಸೇರಿಸು, ಅವಳಿಗೆ ಹೇಳ್ಬೇಡ. ನಿನ್ನ ಕಣ್ಣಿಂದ ನೀನೇ ನೋಡು. ನಾನು ಹೇಳಿದ್ರೆ ಎಲ್ಲಿ ನಂಬ್ತೀಯ."

ಸಂಜೆ ಮತ್ತೆ ಜಲ್ಲಿಗುಂಡಿ. ಎಲ್ಡನ್ ತನ್ನ ಕೋಟನ್ನು ಮಡಚಿ ಮೊಮ್ಮಗಳ ಭುಜಕ್ಕೆ ಇಟ್ಟ. ಮೊದಲ ಗುಂಡು ನಿಜವಾದದ್ದು, ಮಣ್ಣಿಗೆ ಹೋಯಿತು. ಎರಡನೆಯದು ಪೊಳ್ಳು. ಮಾರಿಟ್ ಟ್ರಿಗರ್ ಒತ್ತಿದಳು. ಸದ್ದು ಬರಲಿಲ್ಲ, ಬರೀ 'ಟಕ್' ಎಂದಿತು. ಆದರೆ ಬಂದೂಕಿನ ಮೂತಿ ನೆಲಕ್ಕೆ ತಾಗುವಷ್ಟು ಬಗ್ಗಿತು, ಅವಳ ಎರಡು ಕಣ್ಣೂ ಗಟ್ಟಿಯಾಗಿ ಮುಚ್ಚಿದ್ದವು.

ಮಾರಿಟ್ ಕಣ್ಣು ತೆರೆದು ಬಂದೂಕನ್ನು ನೋಡಿದಳು, ತಾತನನ್ನು ನೋಡಿದಳು. ಮುಖ ಕೆಂಪೇರಿತು.

"ಇದ್ರಲ್ಲಿ ಮದ್ದೇ ಇರ್ಲಿಲ್ಲ ಅಲ್ವಾ?"

"ಇರ್ಲಿಲ್ಲ."

"ನಾನು ಹೆದರಿಕೊಂಡೆ ಅಂತ ತೋರ್ಸೋಕೆ ಮಾಡಿದ್ದಾ?" ಬಂದೂಕನ್ನು ತಾತನ ಕಡೆ ತಳ್ಳಿದಳು. "ಶನಿವಾರ ನಾನು ಬರಲ್ಲ ತಾತ. ನೀನೇ ಹೋಗು."

ಎಲ್ಡನ್‌ಗೆ ಹಿಂದಿನ ರಾತ್ರಿ ಚಿಲ್ಲಿಯ ಮುಂದೆ ಕೂತು ಮಗಳು ಆಡಿದ ಮಾತು ಆಗ ಅರ್ಥವಾಯಿತು. "ಏಳು, ನಾನು ತೋರಿಸ್ತೀನಿ. ಬೆಚ್ಚದೆ ಹೊಡೆಯೋದು ಹೇಗೆ ಅಂತ ನೋಡು," ಎಂದು ತಾನೇ ಕಂಬಳಿಯ ಮೇಲೆ ಮಲಗಿದ. ಮಂಡಿ ಎರಡೂ ಲಟಕ್ಕೆಂದವು.

"ನಾನು ತುಂಬ್ಲಾ?" ಎಂದಳು ಮಾರಿಟ್.

"ತುಂಬು. ನಂಗೇನು."

ಮೊದಲ ಗುಂಡು ತಟ್ಟೆಯ ಅಂಚಿಗೆ ಹೊಡೆಯಿತು. ಎಲ್ಡನ್ ಹೆಮ್ಮೆಯಿಂದ ಹುಬ್ಬು ಹಾರಿಸಿದ. ಎರಡನೆಯದಕ್ಕೆ ಉಸಿರು ಬಿಟ್ಟ, ಅರ್ಧಕ್ಕೆ ನಿಲ್ಲಿಸಿದ, ಟ್ರಿಗರ್ ಒತ್ತಿದ. ಟಕ್. ಬಂದೂಕು ಪಾದ್ರಿಯ ಮುಂದೆ ಮೊಣಕಾಲೂರಿದ ಪಾಪಿಯ ಹಾಗೆ ತಲೆ ಬಗ್ಗಿಸಿತು.

ಆಮೇಲೆ ಮಾರಿಟ್‌ಳ ಮೂಗಿನಿಂದ 'ಬುಸ್' ಎಂದು ನಗು ಹೊರಬಿತ್ತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಕಲ್ಲಿನ ಮೇಲೆ ಕುಕ್ಕರಿಸಿ ಹೊಟ್ಟೆ ಹಿಡಿದುಕೊಂಡಳು.

"ತಾತ, ನೀನೂ!"

"ಇನ್ನೊಂದ್ಸಲ ತುಂಬು," ಎಂದ ಎಲ್ಡನ್. ಇನ್ನೊಂದು ಸಲವೂ ಅದೇ ಆಯಿತು. ಎದ್ದು ಕೂತ. ಗಾಳಿ ಜೋರಿತ್ತು ಎಂದು ತಪ್ಪಿದ ಜಿಂಕೆಗಳು, ಸೂರ್ಯ ಕಣ್ಣಿಗೆ ಹೊಡೆದ ಎಂದು ತಪ್ಪಿದ ಜಿಂಕೆಗಳು, ಯಾರೋ ಬಂದೂಕಿನ ಮೇಲಿನ ದುರ್ಬೀನು ಅಲ್ಲಾಡಿಸಿರಬೇಕು ಎಂದು ತಮ್ಮಂದಿರ ಜತೆ ಜಗಳ ಆಡಿದ್ದು, ಎಲ್ಲ ಸಾಲಾಗಿ ಬಂದು ಕಣ್ಣ ಮುಂದೆ ನಿಂತವು. ಪಾಪದ ಗಾಳಿಗೆ ಎಷ್ಟು ಬೈದಿದ್ದ! ಅವನಿಗೂ ನಗು ಬಂತು.

"ಏಳೇ," ಎಂದ. "ಅಂಗಡಿ ಮುಚ್ಚೋದ್ರೊಳಗೆ ಹೋಗಿ ನಿಂಗೊಂದು ಬಂದೂಕು ನೋಡೋಣ. ಈ ವಿಷ್ಯ ವಾಂಡಾಗೆ ಹೇಳಿದ್ರೆ ಚರ್ಮ ಸುಲೀತೀನಿ."

ಮಾರಿಟ್ ಅಂಗಡಿಯೊಳಕ್ಕೆ ಕಾಲಿಟ್ಟವಳೇ ಎಲ್ಲ ಹೇಳಿಬಿಟ್ಟಳು. ವಾಂಡಾ ಎಲ್ಡನ್‌ನ ಕಡೆ ನೋಡಿ, ಅವನ ಬಗ್ಗೆ ಒಂದು ಮಾತೂ ಆಡದೆ, ಹುಡುಗಿಯತ್ತ ತಿರುಗಿದಳು. "ಕೋಟೆಲ್ಲಿ ನಿಂದು?"

"ಗಾಡೀಲಿದೆ."

"ಹಾಕ್ಕೊಂಡು ಬಾ. ಶಿಕಾರಿಗೆ ಅಂಗಿ ಹಾಕ್ಕೊಂಡು ಹೋಗ್ತೀಯಾ? ದಪ್ಪ ಕೋಟು ಹಾಕ್ಕೊಂಡೇ ಬಂದೂಕಿನ ಅಳತೆ ನೋಡ್ಬೇಕು."

ಗೋಡೆಯ ಮೇಲಿದ್ದ ಒಂದನ್ನು ಎಲ್ಡನ್ ಆಗಲೇ ಇಳಿಸಿಕೊಂಡಿದ್ದ. ಗರಿಯಷ್ಟು ಹಗುರ, ಮರದ ಹಿಡಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. "ಇದು ಹೆಂಗೆ? ಹೊರೋಕೂ ಸುಲಭ."

"ಇಡು ಅದನ್ನ. ಹಗುರ ಇದ್ದಷ್ಟೂ ಹೆಚ್ಚು ಒದೆಯುತ್ತೆ. ಇಷ್ಟು ವರ್ಷ ಒದೆಸಿಕೊಂಡು ಅಷ್ಟೂ ಗೊತ್ತಾಗ್ಲಿಲ್ವಾ ನಿಂಗೆ?" ವಾಂಡಾ ಕೆಳಗಿನ ಸಾಲಿನಿಂದ ಇನ್ನೊಂದನ್ನು ತಂದಳು. ಟೂ-ಫಾರ್ಟಿ-ತ್ರೀ, ಚಿಕ್ಕ ತೋಟಾದ್ದು. ಸ್ವಲ್ಪ ತೂಕದ್ದು, ಹಿಡಿ ಗಿಡ್ಡ, ಬಣ್ಣ ಬೂದು. "ಕಣ್ಣು ಮುಚ್ಚು ಮಗಳೇ. ಭುಜಕ್ಕೆ ಏರಿಸು. ಆರಾಮಾಗಿ ಕೆನ್ನೆ ಇಡು. ಈಗ ಕಣ್ಣು ಬಿಡು. ದುರ್ಬೀನೊಳಗೆ ಏನು ಕಾಣ್ಸುತ್ತೆ?"

ಮಾರಿಟ್ ಎದುರು ಗೋಡೆಗೆ ತೂಗುಹಾಕಿದ್ದ ಎಲ್ಕ್ ಜಿಂಕೆಯ ತಲೆಯತ್ತ ತಿರುಗಿದ್ದಳು. "ಕಣ್ಣು. ಪೂರ್ತಿ ಕಣ್ಣು ಕಾಣ್ಸುತ್ತೆ. ಅಂಚಲ್ಲಿ ಕಪ್ಪು ನೆರಳಿಲ್ಲ. ನಾನು ಕತ್ತು ಅಲ್ಲಾಡಿಸ್ಲೇ ಇಲ್ಲ!"

"ಇದೇ ನಿಂದು. ಬುಡದಲ್ಲಿ ತುಂಡು ಸೇರಿಸೋಕೆ ಬರುತ್ತೆ, ನೀನು ಬೆಳೆದ ಹಾಗೆ ಇದೂ ಬೆಳೆಯುತ್ತೆ."

ಎಲ್ಡನ್ ಹಿಡಿಯನ್ನು ಉಗುರಿನಿಂದ ತಟ್ಟಿ ನೋಡಿದ. "ಪ್ಲಾಸ್ಟಿಕ್. ಇದ್ರಲ್ಲಿ ಬಕೆಟ್ ಮಾಡ್ತಾರೆ."

"ಬಕೆಟ್ ಯಾರನ್ನೂ ಒದೆಯಲ್ಲ," ಎಂದಳು ವಾಂಡಾ. ಮಾರಿಟ್ ಬಂದೂಕನ್ನು ಕೆಳಗಿಡಲೇ ಇಲ್ಲ.

ಶುಕ್ರವಾರ ಸಂಜೆ ಜಲ್ಲಿಗುಂಡಿಗೆ ಜೋಲೀನ್ ಕೂಡ ಬಂದಳು. ಗಾಡಿಯ ಹಿಂದೆ ಕಾಲು ಇಳಿಬಿಟ್ಟು, ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು. ಮಾರಿಟ್ ಮಲಗಿದಳು. ಮೊದಲ ಗುಂಡಿಗೆ ತಟ್ಟೆ ನಡುಗಿತು. ಎರಡನೆಯದಕ್ಕೂ ನಡುಗಿತು. ಮೂರನೆಯದಕ್ಕೆ ಮುಂಚೆ ಅವಳು ಎಷ್ಟು ಹೊತ್ತು ತಡೆದಳೆಂದರೆ, ಎಲ್ಡನ್‌ನೇ ಉಸಿರು ಕಟ್ಟಿಕೊಂಡು ಕೆಮ್ಮಿಬಿಟ್ಟ. ಅವನ ಕೆಮ್ಮಿನ ಮಧ್ಯದಲ್ಲೇ ಗುಂಡು ಹಾರಿತು.

ಮೂವರೂ ನಡೆದು ಹೋಗಿ ನೋಡಿದರು. ಮೂರು ತೂತುಗಳನ್ನೂ ಜೋಲೀನ್‌ಳ ಅಂಗೈ ಮುಚ್ಚುತ್ತಿತ್ತು. ಅವಳು ಕೈ ಇಟ್ಟು ನೋಡಿದಳು, ತೆಗೆದಳು, ಮತ್ತೆ ಇಟ್ಟಳು.

"ಪಾತ್ರೆ ಯಾರು ತೊಳೀತಾರೆ ಹಾಗಾದ್ರೆ?" ಎಂದ ಎಲ್ಡನ್.

"ಬಂದ್ಮೇಲೆ ನೀನು," ಎಂದಳು ಜೋಲೀನ್. "ನಾನೂ ಬರ್ತೀನಿ ನಾಳೆ. ಬ್ರೆಡ್ಡಿನ ಚೀಲ ಹೊರೋಕೆ ಯಾರಾದ್ರೂ ಬೇಕಲ್ಲ."

ಶನಿವಾರ ನಸುಕಿಗೆ ಹೊರಟರು. ರಾತ್ರಿ ಬಿದ್ದ ತೆಳ್ಳನೆಯ ಹಿಮ ಬೂಟಿನ ಕೆಳಗೆ ಕರಕರ ಎನ್ನುತ್ತಿತ್ತು. ಮಾರಿಟ್ ಮುಂದೆ, ಬೂದು ಬಂದೂಕು ಹೊತ್ತು. ಅವಳ ಹಿಂದೆ ಎಲ್ಡನ್, ಅಪ್ಪನ ಬಂದೂಕನ್ನು ಮನೆಯಲ್ಲೇ ಬಿಟ್ಟು, ಬರಿಗೈಯಲ್ಲಿ. ಕೊನೆಗೆ ಚೀಲ ಹೊತ್ತ ಜೋಲೀನ್. ಬಲಭುಜದ ಮೇಲೆ ಬಂದೂಕಿನ ಪಟ್ಟಿ ಇಲ್ಲದ್ದು ಎಲ್ಡನ್‌ಗೆ ಹೇಗೋ ಆಗುತ್ತಿತ್ತು. ಹೆಬ್ಬೆರಳು ಮತ್ತೆ ಮತ್ತೆ ಅಲ್ಲಿಗೆ ಹೋಗಿ, ಏನೂ ಸಿಗದೆ ಜೇಬಿಗೆ ವಾಪಸಾಗುತ್ತಿತ್ತು. ಅವನಿಗೆ ಮಾತಾಡಬೇಕೆನ್ನಿಸಿತು. ಎಡಗಡೆಯ ಕಣಿವೆಯಿಂದ ಸುತ್ತಿ ಹೋಗುವುದು ಒಳ್ಳೆಯದು, ಗಾಳಿ ಆ ಕಡೆಯಿಂದ ಬರುತ್ತಿದೆ ಎಂದು ಹೇಳಬೇಕೆಂದು ಬಾಯಿ ತೆರೆದ.

ಅಷ್ಟರಲ್ಲಿ ಮಾರಿಟ್ ಮುಂದಿನ ಪೊದೆಗಳಿಂದ ಕಣ್ಣು ತೆಗೆಯದೆ, ತಿರುಗದೆಯೇ ಎಡಗೈ ಎತ್ತಿದಳು, ನಿಲ್ಲಿ ಎನ್ನುವ ಹಾಗೆ ಬೆರಳು ಅಗಲಿಸಿ.

ಎಲ್ಡನ್ ನಿಂತುಬಿಟ್ಟ. ಮುಂದಿಡಲು ಎತ್ತಿದ ಕಾಲು ಗಾಳಿಯಲ್ಲೇ ಇತ್ತು. ಬೀಳದಿರಲೆಂದು ಹಿಂದಿನಿಂದ ಜೋಲೀನ್ ಅವನ ಕೋಟಿನ ಬೆನ್ನು ಹಿಡಿದುಕೊಂಡಳು. ಮೂವರ ಉಸಿರೂ ಬೆಳ್ಳಗೆ ಮೇಲಕ್ಕೆ ಹೋಗುತ್ತಿತ್ತು.